ಗೆಣ್ಣಿನಲ್ಲೇ ಇದೆ ಗಿಡದ ಜಾತಕ

ಬೆಂಗಳೂರಿನ ಬಾಲ್ಕನಿ ಗ್ರಿಲ್ಲಿಗೆ ಸುತ್ತಿಕೊಂಡ ಮನಿಪ್ಲಾಂಟ್, ಶಿರಸಿ ಕಡೆಯ ಮನೆಯ ಜಗಲಿ ಕಂಬ ಏರಿದ ಮನಿಪ್ಲಾಂಟ್, ಕಲಬುರಗಿಯ ಯಾವುದೋ ಬ್ಯಾಂಕಿನ ಕೌಂಟರ್ ಮೇಲೆ ಹಳೇ ಬಾಟಲಿಯಲ್ಲಿ ಧೂಳು ಹಿಡಿದು ಕೂತ ಮನಿಪ್ಲಾಂಟ್. ಈ ಮೂರರಲ್ಲಿ ಯಾವುದೂ ಬೀಜದಿಂದ ಹುಟ್ಟಿದ್ದಲ್ಲ. ಪ್ರತಿಯೊಂದೂ ಇನ್ಯಾರದೋ ಮನೆಯ ಬಳ್ಳಿಯ ತುಂಡು. ಆ ಬಳ್ಳಿಯೂ ಅದಕ್ಕೆ ಮುಂಚಿನ ಇನ್ನೊಂದರ ತುಂಡು. ಹೀಗೇ ಹಿಂದೆ ಹಿಂದೆ ಹೋದರೆ ಪೆಸಿಫಿಕ್ ಸಾಗರದ ನಡುವೆ, ಫ್ರೆಂಚ್ ಪಾಲಿನೇಷ್ಯಾದ ಮೊರೆಯಾ ಎಂಬ ಪುಟ್ಟ ದ್ವೀಪದಲ್ಲಿ ನಿಲ್ಲುತ್ತೇವೆ. 1880ರಲ್ಲಿ ಯುರೋಪಿನ ಸಸ್ಯಶಾಸ್ತ್ರಜ್ಞರು ಅದಕ್ಕೊಂದು ಲ್ಯಾಟಿನ್ ಹೆಸರು ಕೊಟ್ಟರು. ಆಮೇಲೆ ಅದು ಜಗತ್ತಿನ ಯಾವ ಕಿಟಕಿಯನ್ನೂ ಬಿಟ್ಟಿಲ್ಲ.

ಈ ಬಳ್ಳಿ ಹೂ ಬಿಡುವುದನ್ನು ನೋಡಿದವರು ಇಲ್ಲವೆನ್ನುವಷ್ಟು ಕಡಿಮೆ. ತಾನಾಗಿ ಹೂ ಬಿಟ್ಟದ್ದಕ್ಕೆ ಸಿಗುವ ಕೊನೆಯ ದಾಖಲೆ 1964ರದು. ಕಾರಣ ಗೊತ್ತಾದದ್ದು 2016ರಲ್ಲಿ. ಜಿಬ್ಬರೆಲಿನ್ ಎಂಬ ಚೋದಕವನ್ನು ತಯಾರಿಸುವ ಒಂದು ಜೀನ್ ಈ ಗಿಡದಲ್ಲಿ ಕೆಲಸ ಮಾಡುವುದಿಲ್ಲ ಎಂದು ಫ್ಲಾರಿಡಾ ವಿಶ್ವವಿದ್ಯಾಲಯದ ಸಂಶೋಧಕರು ಕಂಡುಕೊಂಡರು. ಅದೇ ಚೋದಕವನ್ನು ಹೊರಗಿನಿಂದ ಸಿಂಪಡಿಸಿದಾಗ ಗಿಡ ಹೂ ಬಿಟ್ಟಿತು. ಹೂವಿಲ್ಲ ಎಂದ ಮೇಲೆ ಬೀಜವಿಲ್ಲ, ಬೀಜವಿಲ್ಲ ಎಂದ ಮೇಲೆ ಸಂತಾನವಿಲ್ಲ. ಆದರೂ ಲೋಕವೆಲ್ಲ ಹಬ್ಬಿದೆ. ಹಬ್ಬಿಸಿದ್ದು ಮನುಷ್ಯರ ಕತ್ತರಿ, ಅದಕ್ಕೆ ಸಹಕರಿಸಿದ್ದು ಬಳ್ಳಿಯ ಗೆಣ್ಣು. ಮನಿಪ್ಲಾಂಟನ್ನು ಕದ್ದು ತಂದರೇ ಮನೆಯಲ್ಲಿ ದುಡ್ಡು ನಿಲ್ಲುತ್ತದೆ ಎಂಬ ನಂಬಿಕೆಯದೂ ಇದರಲ್ಲಿ ಒಂದಿಷ್ಟು ಪಾಲಿರಬೇಕು. ಕದಿಯುವವರು ಬುಡ ಕೀಳುವುದಿಲ್ಲ, ತುದಿ ಚಿವುಟುತ್ತಾರೆ.

ಎಲ್ಲಿ ಚಿವುಟಿದರು ಎನ್ನುವುದರಲ್ಲೇ ಮುಂದಿನ ಕಥೆಯೆಲ್ಲ ಇದೆ. ಬಳ್ಳಿಯ ಮೇಲೆ ಬೆರಳಾಡಿಸಿದರೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಸಿಗುತ್ತದೆ. ಕಬ್ಬಿನಲ್ಲಿ ಎದ್ದು ಕಾಣುವ ಗೆಣ್ಣು ಇಲ್ಲಿ ಅಷ್ಟಾಗಿ ಕಾಣುವುದಿಲ್ಲ, ಕೈಗೆ ತಿಳಿಯುತ್ತದೆ. ಮನಿಪ್ಲಾಂಟಿನಲ್ಲಾದರೆ ಅದರ ಪಕ್ಕ ಕಂದು ಬಣ್ಣದ ಗುಬುಟು ಕೂಡ ಇರುತ್ತದೆ. ಅದು ಆಗಲೇ ಸಿದ್ಧವಾಗಿ ಕೂತ ಬೇರಿನ ಮೊಳಕೆ. ತೇವ ಸಿಕ್ಕರೆ ಸಾಕು ಉದ್ದವಾಗುತ್ತದೆ. ಎಲೆಯ ಕಂಕುಳಲ್ಲಿ ಇನ್ನೊಂದು ಮೊಗ್ಗಿದೆ. ಅದು ಮುಂದಿನ ಬಳ್ಳಿ. ಎರಡು ಗೆಣ್ಣುಗಳ ನಡುವಿನ ನುಣುಪು ಕಾಂಡದಲ್ಲಿ ಇವೆರಡೂ ಇಲ್ಲ. ಅದನ್ನಷ್ಟೇ ಕತ್ತರಿಸಿ ನೀರಿಗಿಟ್ಟರೆ ಕೊಳೆಯುವುದೊಂದೇ ಅದಕ್ಕೆ ಉಳಿದ ದಾರಿ. ಹಾಗಾಗಿ ಗೆಣ್ಣಿನ ಕೆಳಗೆ ಅರ್ಧ ಅಂಗುಲ ಬಿಟ್ಟು ಕತ್ತರಿಸಬೇಕು. ಒಂದೇ ಗೆಣ್ಣು ಸಾಕು, ಎರಡಿದ್ದರೆ ಧೈರ್ಯ.

ದಾಸವಾಳ, ದೊಡ್ಡಪತ್ರೆ, ಕ್ರೋಟನ್‌ಗಳಿಗೆ ಹೀಗೆ ಮೊದಲೇ ಸಿದ್ಧವಾದ ಬೇರಿನ ಗುಬುಟು ಇರುವುದಿಲ್ಲ. ಅವು ಗಾಯವಾದ ಮೇಲೆ ಹೊಸದಾಗಿ ಬೇರು ಕಟ್ಟಬೇಕು. ತುದಿಯ ಎಳೆ ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಚೋದಕ ಕಾಂಡದೊಳಗೆ ಬುಡದ ಕಡೆಗೆ ಸಾಗುತ್ತಿರುತ್ತದೆ. ಕತ್ತರಿ ಬಿದ್ದಲ್ಲಿ ಅದರ ದಾರಿ ಮುಗಿಯಿತು; ಬಂದದ್ದೆಲ್ಲ ಕತ್ತರಿಸಿದ ತುದಿಯಲ್ಲಿ ಜಮೆಯಾಗತೊಡಗುತ್ತದೆ. ಈ ಜಮೆ ಒಂದು ಕಡೆ, ಗಾಯವಾಗಿದೆಯೆಂಬ ಸುದ್ದಿ ಇನ್ನೊಂದು ಕಡೆ. ಎರಡೂ ಸೇರಿ, ನೀರು ಮತ್ತು ಆಹಾರ ಸಾಗಿಸುವ ನಾಳಗಳ ಪಕ್ಕದ ಜೀವಕೋಶಗಳು ತಮ್ಮ ಹಳೇ ಕೆಲಸ ಬಿಟ್ಟು ಬೇರಾಗಲು ಹೊರಡುತ್ತವೆ. ಮನುಷ್ಯನ ಕೈ ಕತ್ತರಿಸಿದರೆ ಆ ಕೈಯಿಂದ ಇನ್ನೊಬ್ಬ ಮನುಷ್ಯ ಬೆಳೆಯುವುದಿಲ್ಲ. ಗಿಡಗಳಿಗೆ ಇದು ನಿತ್ಯದ ಸಂಗತಿ.

ಆಕ್ಸಿನ್ ಯಾವಾಗಲೂ ಬುಡದ ದಿಕ್ಕಿಗೇ ಹೋಗುವುದರಿಂದ ಕಡ್ಡಿಗೆ ತನ್ನ ತಲೆ ಯಾವುದು, ಬುಡ ಯಾವುದು ಎಂದು ಗೊತ್ತಿರುತ್ತದೆ. ತಲೆಕೆಳಗಾಗಿ ಊರಿದರೆ ಬಹುತೇಕ ಕಡ್ಡಿಗಳು ಒಣಗುತ್ತವೆ. ಎಲೆ ಸವರಿದ ಮೇಲೆ ನಮಗೆ ತಿಳಿಯುವುದಿಲ್ಲವೆಂದು ನರ್ಸರಿಯವರು ಒಂದು ಗುರುತು ಇಟ್ಟುಕೊಂಡಿದ್ದಾರೆ: ಬುಡಕ್ಕೆ ಓರೆ ಕೊಯ್ತ, ತಲೆಗೆ ನೇರ ಕೊಯ್ತ. ಹತ್ತಿಪ್ಪತ್ತು ಕಡ್ಡಿ ಒಟ್ಟಿಗೆ ಕತ್ತರಿಸುವವರಿಗೆ ಇದು ಬಹಳ ಉಪಕಾರಿ.

ಕತ್ತರಿಸಿದ ಜಾಗವನ್ನು ಗಿಡ ಎಷ್ಟು ದಿನ ನೆನಪಿಟ್ಟುಕೊಳ್ಳುತ್ತದೆ ಎನ್ನುವುದಕ್ಕೆ ಮಲೆನಾಡಿನ ಕಾಳುಮೆಣಸಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಮೆಣಸಿನ ಬಳ್ಳಿಯಲ್ಲಿ ಬಗೆಬಗೆಯ ಕವಲುಗಳಿರುತ್ತವೆ. ಬುಡದಿಂದ ಹೊರಟು ನೆಲದ ಮೇಲೆ ಹರಿಯುವ ಹಬ್ಬುಬಳ್ಳಿ ಒಂದು. ಮರ ಏರಿದ ಬಳ್ಳಿಯಿಂದ ಅಡ್ಡಕ್ಕೆ ಚಾಚಿ ಕಾಯಿ ಬಿಡುವ ಗೆಲ್ಲು ಇನ್ನೊಂದು. ಬೆಳೆಗಾರರು ತೋಟಕ್ಕೆ ಸಸಿ ಮಾಡುವುದು ಹಬ್ಬುಬಳ್ಳಿಯಿಂದ. ಅದು ನೆಲದಲ್ಲೇ ಬೇರು ಬಿಡದಂತೆ ಗೂಟಕ್ಕೆ ಸುತ್ತಿಟ್ಟು, ಫೆಬ್ರುವರಿ–ಮಾರ್ಚ್‌ನಲ್ಲಿ ಎರಡು-ಮೂರು ಗೆಣ್ಣಿನ ತುಂಡುಗಳಾಗಿ ಕತ್ತರಿಸಿ, ಎಲೆ ಸವರಿ ತೊಟ್ಟು ಮಾತ್ರ ಬಿಟ್ಟು, ಪಾಲಿಥಿನ್ ಚೀಲಕ್ಕೆ ಊರುತ್ತಾರೆ. ಮಳೆಗಾಲ ಹಿಡಿಯುವ ಹೊತ್ತಿಗೆ ಸಸಿ ಸಿದ್ಧ. ಅದು ಹಾಲುವಾಣದ ಮರವನ್ನೋ ಸಿಲ್ವರ್ ಓಕನ್ನೋ ತಬ್ಬಿ ಏರುತ್ತದೆ.

ಅದೇ ಬಳ್ಳಿಯ ಕಾಯಿ ಬಿಡುವ ಅಡ್ಡಗೆಲ್ಲನ್ನು ಕತ್ತರಿಸಿ ಬೇರು ಬರಿಸಿ. ಗಿಡ ಏರುವುದನ್ನೇ ಮರೆತಿರುತ್ತದೆ. ಕುಂಡದಲ್ಲಿ ಮೊಣಕಾಲೆತ್ತರ ಪೊದೆಯಾಗಿ ನಿಂತು, ಒಂದೆರಡು ವರ್ಷದಲ್ಲಿ ಅಲ್ಲೇ ಗೊಂಚಲು ಬಿಡುತ್ತದೆ. ಪೊದೆಮೆಣಸು, ಬುಷ್ ಪೆಪ್ಪರ್ ಎಂದು ನರ್ಸರಿಗಳಲ್ಲಿ ಮಾರುವುದು ಇದನ್ನೇ. ತಳಿ ಬೇರೆಯಲ್ಲ, ಜೀನ್ ಬೇರೆಯಲ್ಲ, ಕತ್ತರಿಸಿದ ಜಾಗ ಬೇರೆ. ಅಡ್ಡಗೆಲ್ಲು ಬೇರು ಬಿಡಲು ಹಬ್ಬುಬಳ್ಳಿಗಿಂತ ಹಟಮಾರಿ. ಅದಕ್ಕಾಗಿಯೇ ಅನೇಕರು ಅದನ್ನು ಹಿಪ್ಪಲಿ ಜಾತಿಯ ಬುಡಕ್ಕೆ ಕಸಿ ಕಟ್ಟುತ್ತಾರೆ, ಸೊರಗು ರೋಗದ ಕಾಟವೂ ತಪ್ಪುತ್ತದೆ. ಅರೆ ನೆರಳಿನ ಬಾಲ್ಕನಿ ಇರುವವರು ದುಬಾರಿ ವಿದೇಶಿ ಎಲೆಗಿಡದ ಬದಲು ಇದೊಂದನ್ನು ಸಾಕಬಾರದೇಕೆ ಎಂಬುದು ನನ್ನ ಹಳೆಯ ತಕರಾರು. ಎಲೆಯೂ ಚೆಂದ, ಸಾರಿಗೂ ಆಯಿತು.

ಕ್ರಿಸ್‌ಮಸ್ ಗಿಡವೆಂದು ಕುಂಡದಲ್ಲಿಟ್ಟು ಮಾರುವ ಅರಾಕೇರಿಯಾದ್ದು ಇನ್ನೂ ವಿಚಿತ್ರ. ಅದರ ತುದಿ ಕತ್ತರಿಸಿ ನೆಟ್ಟರೆ ನೆಟ್ಟಗೆ ಮೇಲೇಳುತ್ತದೆ. ಪಕ್ಕದ ರೆಂಬೆ ನೆಟ್ಟರೆ ಬೇರು ಬಿಡುತ್ತದೇನೋ ಸರಿ, ಆದರೆ ವರ್ಷಗಟ್ಟಲೆ ಅಡ್ಡಡ್ಡಲೇ ಬೆಳೆಯುತ್ತದೆ.

ಎಲೆಯಿಂದಲೇ ಗಿಡ ಮಾಡುವವರು ಯಾವ ಭಾಗ ಕತ್ತರಿಸಿದೆವು ಎನ್ನುವುದನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು. ಕಾಡುಬಸಳೆಯ ಎಲೆಯನ್ನು ಪುಸ್ತಕದ ನಡುವೆ ಇಟ್ಟರೂ ಅಂಚಿನಲ್ಲಿ ಮರಿಗಳು ಏಳುತ್ತವೆ, ಶಾಲೆಯಲ್ಲಿ ಎಲ್ಲರೂ ನೋಡಿದ್ದೇ. ಸ್ನೇಕ್ ಪ್ಲಾಂಟಿನ ಎಲೆಯನ್ನು ಮೂರು-ನಾಲ್ಕು ಅಂಗುಲದ ತುಂಡು ಮಾಡಿ, ಬುಡದ ಅಂಚು ಕೆಳಗಿರುವಂತೆ ಊರಿದರೆ ಎರಡು-ಮೂರು ತಿಂಗಳಲ್ಲಿ ಬೇರು ಬರುತ್ತದೆ, ಮರಿ ಬರಲು ಇನ್ನೂ ಕಾಯಬೇಕು. ಆದರೆ ಅಂಚಿಗೆ ಹಳದಿ ಪಟ್ಟಿಯಿರುವ ಜನಪ್ರಿಯ ಬಗೆಯನ್ನು ಹೀಗೆ ಮಾಡಿದರೆ ಮರಿಗಳೆಲ್ಲ ಬರೀ ಹಸಿರು. ಆ ಹಳದಿ ಅಂಚು ಎರಡು ಬಗೆಯ ಜೀವಕೋಶಗಳು ಪದರಪದರವಾಗಿ ಒಟ್ಟಿಗಿದ್ದಾಗ ಮಾತ್ರ ಮೂಡುವಂಥದ್ದು. ಎಲೆಯ ತುಂಡಿನಿಂದ ಹೊಸ ಮೊಗ್ಗು ಏಳುವಾಗ ಹಸಿರು ಕೋಶಗಳಷ್ಟೇ ಗೆದ್ದುಬಿಡುತ್ತವೆ. ಹಳದಿ ಉಳಿಯಬೇಕಾದರೆ ಬುಡದಲ್ಲಿ ಎದ್ದ ಮರಿಯನ್ನು ಗಡ್ಡೆಯ ಸಮೇತ ಬಿಡಿಸಿ ನೆಡುವುದೊಂದೇ ದಾರಿ. ಜೀಜೀ ಪ್ಲಾಂಟಿನ ಎಲೆ ಮೊದಲು ಮಣ್ಣೊಳಗೆ ಪುಟ್ಟ ಗಡ್ಡೆ ಕಟ್ಟುತ್ತದೆ, ಆಮೇಲೆ ಚಿಗುರುತ್ತದೆ. ತಿಂಗಳುಗಟ್ಟಲೆ ಮೇಲೆ ಏನೂ ಕಾಣದೆ ಹಲವರು ಅದನ್ನು ಎಸೆದಿರುತ್ತಾರೆ.

ಫೆಬ್ರುವರಿಯ ಪ್ರೇಮಿಗಳ ದಿನಕ್ಕೆ ಹೃದಯದಾಕಾರದ ಒಂದೇ ಒಂದು ಎಲೆಯನ್ನು ಪುಟ್ಟ ಕುಂಡದಲ್ಲಿ ನೆಟ್ಟು ಮಾರುತ್ತಾರಲ್ಲ, ಅದು ಹೋಯಾ ಬಳ್ಳಿಯ ಎಲೆ. ಅದಕ್ಕೆ ಬೇರು ಬರುತ್ತದೆ, ವರ್ಷಗಟ್ಟಲೆ ಹಸಿರಾಗಿಯೂ ಇರುತ್ತದೆ, ಆದರೆ ಗೆಣ್ಣಿನ ಚೂರು ಅಂಟಿಕೊಂಡು ಬಂದಿರದಿದ್ದರೆ ಎರಡನೇ ಎಲೆ ಬರುವುದಿಲ್ಲ. ಪ್ರೇಮದ ಕುರುಹಾಗಿ ಕೊಡುವವರು ಯೋಚಿಸಬೇಕಾದ ವಿಷಯ. ರಬ್ಬರ್ ಗಿಡದ ಒಂಟಿ ಎಲೆಯದೂ ಇದೇ ಪಾಡು. ಲಾಕ್‌ಡೌನ್ ಕಾಲದಲ್ಲಿ ಬಿಳಿ ಮಚ್ಚೆಯ ಮಾನ್‌ಸ್ಟೆರಾಗಳ ಬೆಲೆ ಆಕಾಶಕ್ಕೇರಿದಾಗ ಗೆಣ್ಣಿಲ್ಲದ ಎಲೆಯನ್ನು ಆನ್‌ಲೈನ್‌ನಲ್ಲಿ ಕೊಂಡು ಮೋಸಹೋದವರಿದ್ದಾರೆ. ಎಲೆ ಎಷ್ಟೇ ಸುಂದರವಾಗಿರಲಿ, ಅದರ ತೊಟ್ಟಿನ ಕೊನೆಯಲ್ಲಿ ಕಾಂಡದ ತುಣುಕು ಇದೆಯೇ ಎಂದು ನೋಡದೆ ದುಡ್ಡು ಬಿಚ್ಚಬೇಡಿ.

ಇನ್ನು ಕಡ್ಡಿ ಬದುಕುವ ಮಾತು. ಬೇರಿಲ್ಲದ ಕಡ್ಡಿಗೆ ನೀರಿನ ಆದಾಯ ಹೆಚ್ಚುಕಡಿಮೆ ನಿಂತಿದೆ, ಎಲೆಗಳ ಖರ್ಚು ಮಾತ್ರ ನಡೆದೇ ಇದೆ. ಹೊಸ ಬೇರು ಬರುವವರೆಗೆ ಈ ಖರ್ಚಿಗೆ ಕಡಿವಾಣ ಹಾಕುವುದೇ ನಾವು ಮಾಡುವ ಉಪಚಾರಗಳೆಲ್ಲದರ ಉದ್ದೇಶ. ಕೆಳಗಿನ ಎಲೆಗಳನ್ನು ತೆಗೆದು ಮೇಲಿನ ಎರಡು-ಮೂರನ್ನು ಬಿಡುವುದು, ದೊಡ್ಡ ಎಲೆಯನ್ನು ಅರ್ಧಕ್ಕೆ ಕತ್ತರಿಸುವುದು, ಹೂವಿದ್ದರೆ ನಿರ್ದಯವಾಗಿ ಚಿವುಟುವುದು, ಬಿಸಿಲಿಗಿಡದಿರುವುದು. ಹಾಗೆಂದು ಕತ್ತಲ ಮೂಲೆಗೂ ಸೇರಿಸಬಾರದು. ಬೇರು ಕಟ್ಟುವ ಸಕ್ಕರೆ ಎಲೆಯಲ್ಲೇ ತಯಾರಾಗಬೇಕು. ನೇರ ಬಿಸಿಲು ಬೀಳದ ಪೂರ್ವದ ಕಿಟಕಿ ಹೇಳಿ ಮಾಡಿಸಿದ ಜಾಗ.

ಕಡ್ಡಿಯ ಸುತ್ತ ಗಾಳಿಯೇ ತೇವವಾಗಿದ್ದರೆ ಖರ್ಚು ತಾನಾಗಿ ಇಳಿಯುತ್ತದೆ. ಬುಡ ಕತ್ತರಿಸಿದ ಎರಡು ಲೀಟರ್ ನೀರಿನ ಬಾಟಲಿಯನ್ನು ಕಡ್ಡಿಯ ಮೇಲೆ ಕವುಚಿ, ದಿನಕ್ಕೊಮ್ಮೆ ಮುಚ್ಚಳ ತೆಗೆದು ಗಾಳಿಯಾಡಿಸಿದರೆ ಸಾಕು. 1829ರಲ್ಲಿ ಲಂಡನ್ನಿನ ನಥಾನಿಯಲ್ ವಾರ್ಡ್ ಎಂಬ ವೈದ್ಯ ಪತಂಗದ ಕೋಶವೊಂದನ್ನು ಮುಚ್ಚಿದ ಬಾಟಲಿಯಲ್ಲಿಟ್ಟಿದ್ದಾಗ ಅದರೊಳಗಿನ ಮಣ್ಣಿನಲ್ಲಿ ಜರೀಗಿಡ ಮೊಳೆತದ್ದನ್ನು ನೋಡಿ ಇದೇ ತತ್ವ ಹಿಡಿದ. ಅವನ ಗಾಜಿನ ಪೆಟ್ಟಿಗೆಗಳಲ್ಲಿ ಚೀನಾದ ಚಹಾ ಸಸಿಗಳು ಹಡಗು ಹತ್ತಿ ಭಾರತಕ್ಕೆ ಬಂದವು. ನಮ್ಮ ಕರಾವಳಿಯ ಮಳೆಗಾಲದಲ್ಲಿ ಬಾಟಲಿಯೂ ಬೇಡ, ಊರಿಗೆ ಊರೇ ಅಂಥ ಪೆಟ್ಟಿಗೆ. ಅಲ್ಲಿ ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ಕಷ್ಟ.

ಕಾಲವನ್ನು ನಮ್ಮ ಅಜ್ಜಿಯರು ಲೆಕ್ಕ ಹಾಕುತ್ತಿದ್ದದ್ದು ಮಳೆ ನಕ್ಷತ್ರದಲ್ಲಿ. ಆರಿದ್ರೆ ಮಳೆ ಹಿಡಿದ ಮೇಲೆ ಬೇಲಿ ದಾಟಿ ದಾಸವಾಳದ ಗೆಲ್ಲು, ಮಲ್ಲಿಗೆಯ ಕಡ್ಡಿ, ಸೇವಂತಿಗೆಯ ಮರಿ ಓಡಾಡುತ್ತಿದ್ದವು. ದಕ್ಷಿಣ ಕನ್ನಡದಲ್ಲಿ ಇಂದಿಗೂ ಬಸಳೆಯ ಸೊಪ್ಪು ಅಡುಗೆಗೆ, ದಪ್ಪ ದಂಟಿನ ತುಂಡು ಚಪ್ಪರದ ಬುಡಕ್ಕೆ. ಗಾಳಿಯಲ್ಲಿ ತೇವ, ಮೋಡದ ಬೆಳಕು, ಹದವಾದ ಸೆಕೆ, ಕಡ್ಡಿಗೆ ಬೇಕಾದ್ದೆಲ್ಲ ಆಗ ಪುಕ್ಕಟೆ. ವಿಜಯಪುರ, ರಾಯಚೂರಿನವರು ಏಪ್ರಿಲ್‌ನಲ್ಲಿ ಮೆದು ಕಾಂಡದ ಕಡ್ಡಿ ಊರುವ ಸಾಹಸ ಬಿಟ್ಟು ಶ್ರಾವಣದವರೆಗೆ ಕಾಯುವುದು ಲೇಸು. ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬೇರು ಬರುತ್ತದೆ, ಎರಡು ಪಟ್ಟು ನಿಧಾನವಾಗಿ.

ನೀರಿನಲ್ಲಿ ಬೇರು ಬರಿಸುವುದೋ, ಮಣ್ಣಿನಲ್ಲೋ ಎಂಬ ವಾದ ಗಿಡಪ್ರಿಯರ ನಡುವೆ ಮುಗಿಯುವಂಥದ್ದಲ್ಲ. ನೀರಿನ ಪರವಾಗಿ ಒಂದು ಮಾತು: ಬೇರು ಕಣ್ಣೆದುರೇ ಮೂಡುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಅದೇ ಒಂದು ಪಾಠ. ಮಣ್ಣಿನ ಪರವಾಗಿ ಇರುವ ಮಾತು ಇನ್ನೂ ಗಟ್ಟಿ. ನೀರಿನಲ್ಲಿ ಹುಟ್ಟಿದ ಬೇರು ಕಡಿಮೆ ಗಾಳಿಗೆ ಒಗ್ಗಿಕೊಂಡಿರುತ್ತದೆ, ನೀರನ್ನು ಹುಡುಕಿಕೊಂಡು ಹೋಗುವ ಅಭ್ಯಾಸ ಅದಕ್ಕಿರುವುದಿಲ್ಲ. ಅಡಿಯುದ್ದ ಬೆಳೆಸಿ ಆಮೇಲೆ ಒಣಮಣ್ಣಿಗೆ ಹಾಕಿದರೆ ಗಿಡ ಜೋತುಬೀಳುತ್ತದೆ. ಬೇರು ಎರಡು ಅಂಗುಲ ಬಂದಾಗಲೇ ಕುಂಡಕ್ಕೆ ವರ್ಗಾಯಿಸಿ, ಮೊದಲ ಹತ್ತು ಹದಿನೈದು ದಿನ ಮಣ್ಣನ್ನು ಎಂದಿಗಿಂತ ಹಸಿಯಾಗಿಟ್ಟು, ಆಮೇಲೆ ನಿಧಾನವಾಗಿ ನೀರು ಕಡಿಮೆ ಮಾಡುತ್ತ ಬಂದರೆ ಮಣ್ಣಿಗೆ ತಕ್ಕ ಹೊಸ ಬೇರು ಮೂಡುತ್ತದೆ.

ನೀರಿನ ಬಾಟಲಿಗೆ ನಮ್ಮ ಊರುಗಳಲ್ಲಿ ಇನ್ನೊಂದು ಆಪಾದನೆಯಿದೆ, ಅದು ಸುಳ್ಳಲ್ಲ. ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಚರಂಡಿಯ ಕೊಳಕು ನೀರಿಗಿಂತ ಷೋಕೇಸಿನ ಮೇಲಿನ ತಿಳಿನೀರು ಪ್ರೀತಿ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಎಂಟು-ಹತ್ತು ದಿನ ಸಾಕು. ಹಾಗಾಗಿ ವಾರಕ್ಕೊಮ್ಮೆಯಾದರೂ ನೀರು ಬದಲಾಯಿಸಬೇಕು, ಬರೀ ಚೆಲ್ಲಿ ತುಂಬಿದರೆ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕೆ ತುಸು ಮೇಲೆ, ಒಳಗೋಡೆಗೆ ಅಂಟಿಕೊಂಡಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಬ್ರಷ್ ಹಾಕಿ ಉಜ್ಜಬೇಕು. ಬಾಟಲಿಯ ಬಾಯಿಗೆ ಹತ್ತಿ ತುರುಕಿದರೆ ಇನ್ನೂ ಒಳ್ಳೆಯದು. ಕುಂಡದಡಿಯ ತಟ್ಟೆಯಲ್ಲಿ ನಿಂತ ನೀರಿಗೂ ಇದೇ ನಿಯಮ.

ಮಣ್ಣು ಎಂದೆನಾದರೂ ಬರೀ ಕೆಂಪುಮಣ್ಣು ಕಡ್ಡಿಗೆ ಆಗದು. ನೀರು ಬಿದ್ದು ಒಣಗಿದರೆ ಇಟ್ಟಿಗೆಯಾಗುತ್ತದೆ, ಬೇರಿಗೆ ಉಸಿರು ಕಟ್ಟುತ್ತದೆ. ಕೊಕೊಪೀಟ್ ಎಂದು ಸಿಗುವ ತೆಂಗಿನ ನಾರಿನ ಪುಡಿಗೆ ಅರ್ಧದಷ್ಟು ದಪ್ಪ ಮರಳು ಬೆರೆಸಿದರೆ ಸಾಕು. ಎಂ-ಸ್ಯಾಂಡ್ ಆದರೆ ಜರಡಿ ಹಿಡಿದು ನುಣ್ಣನೆಯ ಪುಡಿ ತೆಗೆಯಿರಿ. ಅಗ್ಗದ ಕೊಕೊಪೀಟಿನಲ್ಲಿ ಉಪ್ಪಿನಂಶ ಉಳಿದಿರುತ್ತದೆ, ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸುವುದು ವಾಸಿ. ಗೊಬ್ಬರ ಈಗ ಬೇಡವೇ ಬೇಡ. ತಿನ್ನುವ ಬಾಯೇ ಇಲ್ಲದವರಿಗೆ ಊಟ ಬಡಿಸಿದರೆ ಅದು ಕೊಳೆಸುವ ಶಿಲೀಂಧ್ರದ ಪಾಲಾಗುತ್ತದೆ. ದೇವಕಣಗಿಲೆ, ಕಳ್ಳಿ ಜಾತಿಯಂಥ ಹಾಲು ಸುರಿಸುವ ಗಿಡಗಳನ್ನು ಕತ್ತರಿಸಿದ ಕೂಡಲೇ ನೆಡಬಾರದು. ನೆರಳಿನಲ್ಲಿ ಕೆಲವು ದಿನ ಬಿಟ್ಟು ಗಾಯ ಒಣಗಿ ಪೊರೆಗಟ್ಟಿದ ಮೇಲೆ ಊರಬೇಕು. ಆ ಹಾಲು ಕಣ್ಣಿಗೆ ಬೀಳದಂತೆಯೂ ಜೋಕೆ.

ಬೇರು ಬರಿಸುವ ಪುಡಿ, ದ್ರಾವಣಗಳ ವಿಷಯದಲ್ಲಿ ಅಂತರ್ಜಾಲ ಒಂದು ಜಾತ್ರೆ: ಜೇನುತುಪ್ಪ, ದಾಲ್ಚಿನ್ನಿ ಪುಡಿ, ಲೋಳೆಸರ, ಆಸ್ಪಿರಿನ್ ಮಾತ್ರೆ. ಅಂಗಡಿಯ ಪುಡಿಯಲ್ಲಿರುವುದು ಆಕ್ಸಿನ್ನಿನ ಬಂಧು, ಇಂಡೋಲ್ ಬ್ಯುಟಿರಿಕ್ ಆಮ್ಲ. ಗುಲಾಬಿ, ಬೊಗನ್‌ವಿಲ್ಲಾ, ಮೆಣಸಿನ ಅಡ್ಡಗೆಲ್ಲಿನಂಥ ಗಟ್ಟಿ ಕಡ್ಡಿಗಳಿಗೆ ಅದು ನಿಜಕ್ಕೂ ನೆರವಾಗುತ್ತದೆ. ಮನಿಪ್ಲಾಂಟಿಗೆ, ದೊಡ್ಡಪತ್ರೆಗೆ ಹಚ್ಚುವುದು ದಂಡ. ಹೆಚ್ಚಾದರೆ ಬುಡವೇ ಸುಡುತ್ತದೆ. ಅಡುಗೆಮನೆಯ ಮದ್ದುಗಳಲ್ಲಿ ದಾಲ್ಚಿನ್ನಿಗೆ ಶಿಲೀಂಧ್ರ ತಡೆಯುವ ಗುಣ ಒಂದಿಷ್ಟಿದೆ, ಬೇರು ಬರಿಸುವ ಗುಣವನ್ನು ಅದರ ತಲೆಗೆ ಕಟ್ಟಿದವರು ನಾವು.

ಹಚ್ಚುವ ಚಪಲ ಹೊಸದೂ ಅಲ್ಲ. 6ನೇ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ದಾಳಿಂಬೆ, ದ್ರಾಕ್ಷಿ ಮುಂತಾದವನ್ನು ಕಾಂಡದ ತುಂಡಿಗೆ ಸಗಣಿ ಬಳಿದು ನೆಡಲು ಹೇಳುತ್ತಾನೆ. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲಿ ಬರೆದ ಲೋಕೋಪಕಾರದಲ್ಲೂ ವೃಕ್ಷಾಯುರ್ವೇದಕ್ಕೊಂದು ಅಧ್ಯಾಯವಿದೆ. ಆಕ್ಸಿನ್ನಿನ ಆಧುನಿಕ ಕಥೆ ಇದಕ್ಕಿಂತ ರಮ್ಯವೇನಲ್ಲ. ನೆದರ್‌ಲೆಂಡ್ಸಿನ ಉಟ್ರೆಕ್ಟ್‌ನಲ್ಲಿ ಫ್ರಿಟ್ಸ್ ವೆಂಟ್ ಓಟ್ಸ್ ಮೊಳಕೆಗಳ ಮೇಲೆ ಪ್ರಯೋಗ ಮಾಡಿ 1928ರಲ್ಲಿ ಇಂಥದೊಂದು ವಸ್ತು ಇದೆಯೆಂದು ತೋರಿಸಿದ. 1934ರಲ್ಲಿ ಅದೇ ಊರಿನ ರಸಾಯನಶಾಸ್ತ್ರಜ್ಞ ಫ್ರಿಟ್ಸ್ ಕೋಗ್ಲ್‌ನ ತಂಡ ಇಂಡೋಲ್ ಅಸಿಟಿಕ್ ಆಮ್ಲವೆಂಬ ಆಕ್ಸಿನ್ನನ್ನು ಬೇರ್ಪಡಿಸಿ ತೆಗೆದದ್ದು ಮನುಷ್ಯರ ಮೂತ್ರದಿಂದ. ಇದನ್ನು ಓದಿ ಯಾರೂ ಕುಂಡದ ಮೇಲೆ ಪ್ರಯೋಗಕ್ಕೆ ಇಳಿಯಬೇಡಿ, ಉಪ್ಪಿಗೆ ಕಡ್ಡಿ ಸಾಯುತ್ತದೆ.

ಊರಿದ ಮೇಲೆ ಬೇರು ಬಂತೋ ಎಂದು ಕಿತ್ತು ನೋಡುವವರೇ ಹೆಚ್ಚು. ಕಿತ್ತಾಗ ಹರಿಯುವುದು ಆಗಷ್ಟೇ ಮೂಡಿದ, ಕೂದಲಿಗಿಂತ ನವಿರಾದ ತುದಿ. ಮೆಲ್ಲಗೆ ಎಳೆದಾಗ ಕಡ್ಡಿ ಮಣ್ಣನ್ನು ಹಿಡಿದುಕೊಂಡರೆ ಬೇರಿದೆ ಎಂದರ್ಥ. ಹೊಸ ಎಲೆ ಬಂದ ಮಾತ್ರಕ್ಕೆ ನಂಬಬೇಕಿಲ್ಲ; ಗಟ್ಟಿ ಕಡ್ಡಿಗಳು ತಮ್ಮೊಳಗಿನ ಗಂಟು ಖರ್ಚು ಮಾಡಿ ಬೇರಿಲ್ಲದೆಯೂ ಚಿಗುರುತ್ತವೆ, ಮೂರನೇ ವಾರಕ್ಕೆ ಬಾಡುತ್ತವೆ. ದಾಸವಾಳದಲ್ಲಿ ಇದು ಮಾಮೂಲು.

ಬೇರು ಬಂದ ಗಿಡಕ್ಕೆ ಪ್ರೀತಿಯಿಂದ ದೊಡ್ಡ ಕುಂಡ ಕೊಡುವುದೂ ಬೇಡ. ಪುಟ್ಟ ಬೇರಿನ ಸುತ್ತ ಹೆಚ್ಚು ಮಣ್ಣಿದ್ದರೆ ಅದು ಒಣಗುವುದೇ ಇಲ್ಲ. ಮೊದಲು ಚಹಾ ಲೋಟದಷ್ಟು ಕುಂಡ, ತಳದಲ್ಲಿ ತೂತು ಕಡ್ಡಾಯ. ಮಣ್ಣಿನೊಳಗೆ ಬೆರಳಿನ ಒಂದು ಗೆರೆಯಷ್ಟು ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಮೂರು-ನಾಲ್ಕು ಹೊಸ ಎಲೆ ಬಂದ ಮೇಲೆ ಎರೆಗೊಬ್ಬರ ಒಂದು ಹಿಡಿ. ಬಳ್ಳಿ ಬಡಕಲಾಗಿ ಉದ್ದಕ್ಕೆ ಓಡುತ್ತಿದ್ದರೆ ತುದಿ ಚಿವುಟಿ. ಪಕ್ಕದ ಮೊಗ್ಗುಗಳು ಎಚ್ಚರಗೊಳ್ಳುತ್ತವೆ, ಚಿವುಟಿದ ತುದಿ ಅದೇ ಕುಂಡದಲ್ಲಿ ಇನ್ನೊಂದು ಕಡ್ಡಿಯಾಗುತ್ತದೆ. ನರ್ಸರಿಯ ಕುಂಡ ಅಷ್ಟು ತುಂಬಿಕೊಂಡಂತೆ ಕಾಣುವುದು ಒಂದರಲ್ಲೇ ನಾಲ್ಕೈದು ಕಡ್ಡಿ ಊರಿರುವುದರಿಂದ.

ಯಾರ ಮನೆಯ ಗಿಡದಿಂದ ತುಂಡು ತರುತ್ತೀರಿ ಎನ್ನುವುದನ್ನೂ ನೋಡಬೇಕು. ಕಡ್ಡಿ ತಾಯಿಗಿಡದ ಮಗುವಲ್ಲ, ತಾಯಿಗಿಡವೇ. ಅದರ ಹೂವಿನ ಬಣ್ಣ, ಎಲೆಯ ಮಚ್ಚೆಯ ಜೊತೆಗೆ ರೋಗಗಳೂ ಬರುತ್ತವೆ. ಬೀಜದಲ್ಲಾದರೆ ಎಷ್ಟೋ ವೈರಸ್‌ಗಳು ದಾಟುವುದಿಲ್ಲ, ಕಡ್ಡಿಯಲ್ಲಿ ಹಾಯಾಗಿ ದಾಟುತ್ತವೆ. ಎಲೆ ಮುರುಟಿದ, ಸೊರಗಿದ ಬಳ್ಳಿಯಿಂದ ಮೆಣಸಿನ ಸಸಿ ಮಾಡಬೇಡಿ ಎಂದು ಬೆಳೆಗಾರರಿಗೆ ಹೇಳುವುದು ಇದಕ್ಕೇ. ಮನೆಯ ಗಿಡಗಳಲ್ಲಿ ಹೆಚ್ಚಿನ ಕಾಟ ಬಿಳಿ ಹಿಟ್ಟು ತಿಗಣೆಯದು. ಎಲೆಯ ಕಂಕುಳಲ್ಲಿ ಹತ್ತಿಯ ಚೂರಿನಂತೆ ಅಡಗಿ ಕೂತಿರುತ್ತದೆ. ತಂದ ತುಂಡನ್ನು ನಲ್ಲಿಯ ಕೆಳಗೆ ತೊಳೆದು, ಕಂಕುಳುಗಳನ್ನು ಸ್ಪಿರಿಟ್ ಹಚ್ಚಿದ ಹತ್ತಿಯಿಂದ ಒರೆಸಿ, ಎರಡು ವಾರ ಉಳಿದ ಕುಂಡಗಳಿಂದ ದೂರವಿಡಿ. ಕತ್ತರಿಯನ್ನೂ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಅದೇ ಸ್ಪಿರಿಟ್‌ನಲ್ಲಿ ಒರೆಸಿಕೊಳ್ಳಬೇಕು.